ಖಾಲಿ ಮಾಡಿ ಬಂದ ಮನೆ

ಮನೆ ಖಾಲಿ ಮಾಡುವ ದಿನ ಅತ್ತೆ ರಂಪ ಮಾಡುತ್ತಾರೆ ಎಂದು ಸತ್ಯವತಿ ವಾರದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಸೀತಾಲಕ್ಷ್ಮಮ್ಮ ರಂಪ ಮಾಡಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೆಟಡಾರ್ ಡ್ರೈವರ್ ಪಕ್ಕ ಹೋಗಿ ಕೂತುಬಿಟ್ಟರು. ಅದೇ ಸತ್ಯವತಿಗೆ ಹೆದರಿಕೆ ಹುಟ್ಟಿಸಿದ್ದು.

ರಾಜಗೋಪಾಲನಗರದ ಆ ಮನೆ ಅರಮನೆಯೇನಲ್ಲ. ಒಂದು ನಡುಮನೆ, ಒಂದು ಅಡುಗೆಮನೆ, ಮೇಲೆ ಶೀಟು. ಬೇಸಿಗೆಯಲ್ಲಿ ಒಳಗೆ ಕೂತರೆ ಕಾವಲಿಯ ಮೇಲೆ ಕೂತ ಹಾಗೆ. ನೀರಿಗೆ ಬೀದಿ ಕೊಳಾಯಿ, ಕೊಳಾಯಿಯ ಹತ್ತಿರ ದಿನಾ ಜಗಳ. ತಾನು ದುಡಿಯುವ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿಗೆ ಅರ್ಜಿ ಹಾಕಿ ಅವಳ ಗಂಡ ದ್ವಾರಕಾನಾಥ ಎಷ್ಟೋ ವರ್ಷ ಕಾದಿದ್ದ. ಎಂಬತ್ತೈದರ ಯುಗಾದಿ ಕಳೆದ ಮೇಲೆ ಕೊನೆಗೂ ಮನೆ ಕೈಗೆ ಬಂತು. ಆರ್‌ಸಿಸಿ ಮನೆ, ಎರಡು ಕೋಣೆ, ಒಳಗೇ ನಲ್ಲಿ, ಒಳಗೇ ಬಚ್ಚಲು. ಸತ್ಯವತಿ ಸಂತೋಷದಿಂದ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಆದರೆ ಅತ್ತೆಯದು ಒಂದೇ ಮಾತು.

"ನೀವು ಹೋಗಿ. ನಾನು ಬರಲ್ಲ. ಉಪ್ಪಿ ಬಂದ್ರೆ ಯಾರ ಮನೆ ಬಾಗಿಲು ತಟ್ಟಬೇಕು?"

ಉಪ್ಪಿ ಅಂದರೆ ಉಪೇಂದ್ರ, ದ್ವಾರಕಾನಾಥನ ತಮ್ಮ. ನಾಲ್ಕು ವರ್ಷದ ಹಿಂದೆ ಸರ್ಕಾರಿ ಕಾರ್ಖಾನೆಗಳವರೆಲ್ಲ ಮುಷ್ಕರ ಹೂಡಿದ್ದರಲ್ಲ, ಆಗ ದ್ವಾರಕಾನಾಥನ ಮನೆಯಲ್ಲೂ ತಿಂಗಳುಗಟ್ಟಲೆ ಸಂಬಳವಿಲ್ಲ. ಪೀಣ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದ ಉಪೇಂದ್ರನ ಕೂಲಿಯಲ್ಲೇ ಒಲೆ ಉರಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಅವನು ಸೂಪರ್‌ವೈಸರ್ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದ. ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ದ್ವಾರಕಾನಾಥ ಎದುರಿಗೆ ನಿಂತು, "ಇಬ್ಬರು ಗಂಡಸರು ಕೂತ್ಕೊಂಡು ತಿನ್ನೋಕೆ ಇದೇನು ಛತ್ರಾನಾ? ನಾಚಿಕೆ ಆಗಲ್ವಾ ನಿಂಗೆ?" ಅಂದ. ಉಪೇಂದ್ರ ಕಲಸಿದ ಅನ್ನ ಹಾಗೇ ಬಿಟ್ಟು ಎದ್ದ. ಕೈ ತೊಳೆದ. ಹಿತ್ತಲ ಬಾಗಿಲಿನಿಂದ ಹೋದವನು ತಿರುಗಿ ಬರಲಿಲ್ಲ.

ಪೊಲೀಸ್ ಸ್ಟೇಷನ್ ಆಯಿತು, ಪೇಪರಿನಲ್ಲಿ ಫೋಟೋ ಆಯಿತು, ಜ್ಯೋತಿಷ್ಯ ಆಯಿತು. ಒಬ್ಬ ಉತ್ತರ ದಿಕ್ಕು ಅಂದ, ಒಬ್ಬ ದಕ್ಷಿಣ ಅಂದ. ಆಮೇಲೆ ಆ ಹೆಸರನ್ನು ದ್ವಾರಕಾನಾಥ ಬಾಯಲ್ಲಿ ಆಡುವುದನ್ನೇ ಬಿಟ್ಟ. ಅವನ ತಾಯಿ ಮಾತ್ರ ದಿನಾ ಒಬ್ಬರ ಅನ್ನ ಹೆಚ್ಚಿಗೆ ಹಾಕುತ್ತಿದ್ದರು. ಹಿತ್ತಲ ಬಾಗಿಲಿನ ಹಲಗೆ ಒಂದು ಕಡೆ ಸವೆದು ಸಂದು ಬಿದ್ದಿತ್ತು. ಹೊರಗಿನಿಂದ ಬೆರಳು ತೂರಿಸಿದರೆ ಒಳಗಿನ ಅಗುಳಿ ಏಳುತ್ತಿತ್ತು. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಉಪೇಂದ್ರ ಯಾರನ್ನೂ ಎಬ್ಬಿಸದೆ ಹಾಗೇ ಒಳಗೆ ಬಂದು, ಅಮ್ಮ ಮುಚ್ಚಿಟ್ಟ ಊಟ ಉಂಡು, ತಟ್ಟೆ ತೊಳೆದು ಕವುಚಿಟ್ಟು ಮಲಗುತ್ತಿದ್ದ. ಆ ಸಂದನ್ನು ಮುಚ್ಚಿಸಲು ಸೀತಾಲಕ್ಷ್ಮಮ್ಮ ಯಾವತ್ತೂ ಬಿಟ್ಟಿರಲಿಲ್ಲ.

ಕ್ವಾರ್ಟರ್ಸಿನ ವಿಷಯಕ್ಕೆ ಎರಡು ವಾರ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

"ಅಮ್ಮ, ಮುನಿಯಕ್ಕನಿಗೆ ಹೇಳಿ ಹೋಗೋಣ. ಯಾರಾದ್ರೂ ಬಂದು ಕೇಳಿದ್ರೆ ಅಡ್ರೆಸ್ ಕೊಡ್ತಾಳೆ," ಅಂದಿದ್ದ ದ್ವಾರಕಾನಾಥ.

"ಯಾರಾದ್ರೂ ಅಂತೀಯಲ್ಲೋ. ಹೆಸರು ಹೇಳೋಕೂ ಆಗಲ್ವಾ ನಿಂಗೆ?"

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದ.

ಅಂಥ ಅತ್ತೆ ಈಗ ಸುಮ್ಮನೆ ಮೆಟಡಾರ್ ಹತ್ತಿದ್ದರು. ಮನೆಯ ಒಡತಿ ಮುನಿಯಕ್ಕ ಹಿಂದಿನ ದನದ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಓಗ್ಬನ್ನಿ ದೊಡ್ಡಮ್ಮಾರೇ. ಸುಣ್ಣ ಬಳ್ಸಿ ಯಾರ್ಗಾನಾ ಕೊಡ್ತೀನಿ. ನಿಮ್ಮಂತೋರು ಎಲ್ಲಿ ಸಿಗ್ತಾರೆ," ಅಂದು ಕಣ್ಣಿಗೆ ಸೆರಗು ಹಚ್ಚಿದಳು. ಸೀತಾಲಕ್ಷ್ಮಮ್ಮ ತಲೆಯಾಡಿಸಿದರು, ಅಷ್ಟೇ.

ಹೊಸ ಮನೆಗೆ ಬಂದ ಮೊದಲ ವಾರ ಅತ್ತೆ ಕಿಟಕಿ ಬಿಟ್ಟು ಏಳಲಿಲ್ಲ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳವಾದರೆ ತಲೆ ಎತ್ತುತ್ತಿದ್ದರು. ಸಪ್ಪಳ ಮೇಲಿನ ಮನೆಗೆ ಹೋದರೆ ತಲೆ ತಗ್ಗಿಸುತ್ತಿದ್ದರು. ನಲ್ಲಿಯಲ್ಲಿ ನೀರು ಸುರಿಯುವ ಸದ್ದಿಗೆ ಸತ್ಯವತಿಗೆ ಹಬ್ಬವಾದರೆ, ಅವರು ಮಾತ್ರ ಉಂಡರೆ ಉಂಡರು, ಬಿಟ್ಟರೆ ಬಿಟ್ಟರು.

ಎರಡನೆಯ ವಾರ ಒಂದು ದಿನ, "ಬಸ್ ಸ್ಟಾಪ್ ಹತ್ತಿರ ರಾಮಮಂದಿರ ಇದೆಯಂತೆ. ಮಧ್ಯಾಹ್ನ ಭಜನೆ ಮಾಡ್ತಾರಂತೆ. ಹೋಗಿ ಬರ್ತೀನಿ ಕಣೆ," ಅಂದರು. ಸತ್ಯವತಿಗೆ ಸಮಾಧಾನವಾಯಿತು. ಹೋಗಿಬಂದ ದಿನ ಅತ್ತೆಯ ಮುಖ ನೋಡಿ ಮತ್ತಷ್ಟು ಸಮಾಧಾನವಾಯಿತು. ಹೋಗಿದ್ದು ಬಾಡಿದ ಮುಖ, ಬಂದದ್ದು ಅರಳಿದ ಮುಖ. ಮಾರನೆಯ ದಿನವೂ ಹೋದರು. ಆಮೇಲೆ ಭಾನುವಾರ ಬಿಟ್ಟು ದಿನಾ.

ಇನ್ನೊಂದು ವಿಚಿತ್ರ ಶುರುವಾಯಿತು. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದ ಅತ್ತೆ ಬೆಳಿಗ್ಗೆಯೇ ಎದ್ದು ತರಕಾರಿ ಹೆಚ್ಚಿಕೊಡುತ್ತಿದ್ದರು. "ಇವತ್ತು ಮಾವಿನಕಾಯಿ ಚಿತ್ರಾನ್ನ ಮಾಡೋಣ. ಕಡ್ಲೆಕಾಯಿ ಬೀಜ ಜಾಸ್ತಿ ಹಾಕು," "ಇವತ್ತು ಬಿಸಿಬೇಳೆ ಮಾಡು, ಖಾರ ಮುಂದಾಗಿರಲಿ." ಮನೆಯಲ್ಲಿ ಖಾರ ತಿನ್ನುವವರು ಯಾರೂ ಇರಲಿಲ್ಲ. ಮಾಡಿದ್ದು ಮಧ್ಯಾಹ್ನದೊಳಗೆ ಖರ್ಚಾಗುತ್ತಿತ್ತು. ರಾತ್ರಿಗೆ ಮತ್ತೆ ಅಕ್ಕಿ ತೊಳೆಯಬೇಕಾಗುತ್ತಿತ್ತು.

"ಅತ್ತೆ, ರೇಷನ್ ಅಕ್ಕಿ ಇಪ್ಪತ್ತನೇ ತಾರೀಕಿಗೇ ತಳ ಕಂಡಿತಲ್ಲ?" ಎಂದು ಸತ್ಯವತಿ ಒಂದು ದಿನ ಕೇಳಿಯೇಬಿಟ್ಟಳು.

"ಪ್ರಸಾದಕ್ಕೆ ಒಯ್ತೀನಿ ಕಣೆ. ಎಲ್ಲರೂ ಒಂದೊಂದು ದಿನ ತರ್ತಾರೆ."

"ದಿನಾ ನೀವೇ ಒಯ್ತೀರಲ್ಲ."

"ನನ್ನ ಪಾಲಿನ ಅನ್ನ ಅಂದ್ಕೋ. ನಾನು ರಾತ್ರಿ ಊಟ ಬಿಟ್ಟಿದೀನಿ, ನೋಡಿಲ್ವಾ?"

ಅದು ನಿಜವೇ. ಅತ್ತೆ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಸತ್ಯವತಿಗೆ ತಾನು ಆಡಿದ ಮಾತು ತನಗೇ ಕಹಿಯಾಯಿತು.

ಅದಾದ ಮೇಲೆ ಸೀಬೆಹಣ್ಣಿನ ದಿನ ಬಂತು. ಐದು ವರ್ಷದ ಮಗಳು ಪುಟ್ಟಿ ಹೊಸ್ತಿಲ ಮೇಲೆ ಕೂತು ಸೀಬೆಹಣ್ಣು ಕಚ್ಚುತ್ತಿದ್ದಳು.

"ಯಾರೇ ಕೊಟ್ಟಿದ್ದು?"

"ಅಜ್ಜಿ ತಂದ್ಲು. ಚಿಕ್ಕಪ್ಪ ಕೊಟ್ಟಿದ್ದಂತೆ."

ಸತ್ಯವತಿಯ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. ಚಿಕ್ಕಪ್ಪ ಎನ್ನುವವನನ್ನು ಕಣ್ಣಾರೆ ಕಂಡ ನೆನಪೂ ಆ ಮಗುವಿಗೆ ಇರಲಿಕ್ಕಿಲ್ಲ. ಒಳಗೆ ಹೋಗಿ ನೋಡಿದರೆ ಅತ್ತೆ ದೇವರ ಮುಂದೆ ಕೂತು ಹೂಬತ್ತಿ ಹೊಸೆಯುತ್ತಾ ಏನೋ ಗುನುಗುತ್ತಿದ್ದರು. ನಾಲ್ಕು ವರ್ಷದಲ್ಲಿ ಅವರು ಗುನುಗಿದ್ದನ್ನು ಸತ್ಯವತಿ ಕೇಳಿರಲಿಲ್ಲ. ಅತ್ತೆಯ ಸೆರಗಿನ ಅಂಚಿನಲ್ಲಿ ಕಪ್ಪು ಎಣ್ಣೆಯ ಕಲೆಯಿತ್ತು. ಮೆಷಿನ್ ಎಣ್ಣೆ. ದ್ವಾರಕಾನಾಥನ ಬಟ್ಟೆ ಒಗೆದು ಒಗೆದು ಆ ಕಲೆ ಅವಳಿಗೆ ಚೆನ್ನಾಗಿ ಗೊತ್ತು. ರಾಮಮಂದಿರದಲ್ಲಿ ಮೆಷಿನ್ ಎಣ್ಣೆ ಎಲ್ಲಿಂದ ಬಂತು?

ಅವತ್ತು ಗಂಡನ ಹತ್ತಿರ ಅಂದಳು: "ಯಾಕೋ ಅತ್ತೆ ಸರಿಯಾಗಿಲ್ಲ ಅನ್ಸತ್ತೆ ಕಣ್ರೀ. ಮಗು ಹತ್ರ ಏನೇನೋ ಹೇಳ್ತಾರೆ."

"ನಗ್ತಾ ಇದಾಳಲ್ಲ, ಬಿಡು," ಅಂದ ದ್ವಾರಕಾನಾಥ. "ಜಾಗ ಬದಲಾಯ್ಸಿದ್ದು ಒಳ್ಳೇದೇ ಆಯ್ತು."

ಆ ನಗು ಬಹಳ ದಿನ ಉಳಿಯಲಿಲ್ಲ. ಒಂದು ಮಂಗಳವಾರ ಅತ್ತೆ ಭಜನೆಯಿಂದ ಬಂದವರೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬುಧವಾರ ಬೆಳಿಗ್ಗೆ ಕಾಫಿಯನ್ನೂ ಮುಟ್ಟಲಿಲ್ಲ. ಆದರೂ ಮಧ್ಯಾಹ್ನ ಚೀಲ ಹಿಡಿದು ಹೊರಟರು.

ಅವರು ಅತ್ತ ಹೋಗಿ ಒಂದು ಗಂಟೆಯಾಗಿಲ್ಲ, ಇತ್ತ ಮುನಿಯಕ್ಕ ಬಂದಳು. ಬಸ್ಸಿನಲ್ಲಿ ಬಂದು ಬೀದಿ ಬೀದಿ ಕೇಳಿಕೊಂಡು ಬಂದಿದ್ದಳು. ಕೂತು ನೀರು ಕುಡಿದು, ಒಳಗೆ ಹೊರಗೆ ನೋಡಿ, "ದೊಡ್ಡಮ್ಮಾರು ಇಲ್ವಾ?" ಅಂದಳು.

"ಭಜನೆಗೆ ಹೋಗಿದಾರೆ."

"ಒಳ್ಳೇದಾಯ್ತು. ಅವರ್ ಮುಂದೆ ಯೋಳೋ ಮಾತಲ್ಲ ಇದು, ಸತ್ಯಮ್ಮ. ನಿಮ್ ಯಜಮಾನ್ರು ಬರ್ಲಿ, ಕೂತ್ಕತೀನಿ."

ದ್ವಾರಕಾನಾಥ ಕೆಲಸ ಮುಗಿಸಿ ಬಂದು ಸೈಕಲ್ ನಿಲ್ಲಿಸಿ ಒಳಗೆ ಕಾಲಿಟ್ಟ ಕೂಡಲೇ ಮುನಿಯಕ್ಕ ಶುರುಮಾಡಿದಳು.

"ಸ್ವಾಮಿ, ನೀವಿದ್ದ ಮನೇಲಿ ಗಾಳಿ ಸೇರ್ಕಂಡದೆ. ನೀವ್ ಓದ್ಮೇಲೆ ಗೌರಿಬಿದ್ನೂರು ಕಡೆ ಉಡುಗ ಒಬ್ಬ ಬಂದ, ಆವಲಪ್ಪ ಅಂತ. ಎಂಡ್ರು ಎರಿಗೆಗೆ ತವರಿಗೆ ಓಗವ್ಳೆ. ಮಧ್ಯಾನ ಕೆಲಸಕ್ಕೆ ಓದ್ರೆ ರಾತ್ರಿ ಬರಾದು. ಬಂದ್ರೆ ಅಡಿಗೆಮನೇಲಿ ಊಟ ಮಡಗಿರ್ತದಂತೆ! ಬಾಳೆಎಲೆ ಮುಚ್ಚಿ! ನಾನು ಮಡಗಿದೀನಿ ಅನ್ಕಂಡು ತಿಂದವ್ನೆ, ಪಾಪ. ತಟ್ಟೆ ತೊಳ್ದು ಮಡಗವ್ನೆ. ಒಂದಿನ ಮರ್ಯಾದೆಗೆ ಅಂತ ಸೀಬೆಅಣ್ಣೂ ಮಡಗವ್ನೆ. ಓದ್ ಭಾನುವಾರ ನನ್ ತಾವ ಬಂದು, 'ಅಕ್ಕ, ಊಟ ಕೊಟ್ಟಿದ್ದು ಸಾಲ್ದು ಅಂತ ನನ್ ಎಣ್ಣೆ ಅಂಗೀನೂ ಒಗ್ದಾಕಿದೀಯಲ್ಲ, ಬ್ಯಾಡ ಕಣಕ್ಕ' ಅಂದ. ನಾನ್ಯಾಕಪ್ಪ ಒಗೀಲಿ! ನಾನು ಮಧ್ಯಾನ ಎಮ್ಮೆ ಒಡ್ಕಂಡು ಕೆರೆ ತಾವ ಓಗಿರ್ತೀನಿ. ಮುಂದಕ್ಕೆ ಬೀಗ, ಹಿಂದಕ್ಕೆ ಅಗುಳಿ. ಯಾರ್ ಬಂದ್ರು ಮತ್ತೆ?"

ದ್ವಾರಕಾನಾಥ ಬಾಗಿಲಲ್ಲೇ ನಿಂತಿದ್ದ. ಟಿಫನ್ ಕ್ಯಾರಿಯರ್ ಇನ್ನೂ ಕೈಯಲ್ಲೇ ಇತ್ತು.

"ಬೀದಿಯೋರೆಲ್ಲ ಅದೇ ಅಂತವ್ರೆ," ಮುನಿಯಕ್ಕ ದನಿ ತಗ್ಗಿಸಿದಳು. "ಉಣ್ತಾ ಇದ್ದ ಅನ್ನ ಬಿಟ್ಟೋದ ಜೀವ ಅದು. ಎಲ್ಲೋ ಏನೋ ಆಗೋಗದೆ. ಅನ್ನದ ಆಸೆಗೆ ಮನೇಗೇ ಬಂದದೆ. ಆ ಉಡುಗ ಎದ್ರಿ ವರ್ಕ್‌ಶಾಪ್ನಾಗೇ ಮಲಗ್ತಾವ್ನೆ. ನಾಳೆ ಬಂದು ಟ್ರಂಕು ಎತ್ಕಂಡೋಯ್ತಾನಂತೆ. ನಿಮ್ ಕೈ ಮುಗೀತೀನಿ, ಒಂದು ಶಾಂತಿ ಮಾಡ್ಸಿ. ಆ ಜೀವಾನೂ ತಣ್ಣಗಾಗ್ಲಿ."

ಅವಳು ಹೋದ ಮೇಲೂ ದ್ವಾರಕಾನಾಥ ಬೂಟು ಬಿಚ್ಚಲಿಲ್ಲ. ಸತ್ಯವತಿ ಒಲೆಯ ಮುಂದೆ ನಿಂತು ಲೆಕ್ಕ ಕೂಡಿಸುತ್ತಿದ್ದಳು. ಬಾಳೆಎಲೆ. ಸೀಬೆಹಣ್ಣು. ಎಣ್ಣೆ ಅಂಗಿ. ಖಾರದ ಬಿಸಿಬೇಳೆ. ಅವಳಿಗೆ ಎಲ್ಲ ತಿಳಿಯಿತು. ದೆವ್ವವೇ ಆಗಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

"ನಾಳೆ ಶಾಸ್ತ್ರಿಗಳನ್ನ ಕಂಡು ಬರ್ತೀನಿ," ಅಂದ ದ್ವಾರಕಾನಾಥ.

"ಶಾಂತಿ ಮಾಡ್ಸಿದ್ರೆ ಉಪೇಂದ್ರ ಇಲ್ಲ ಅಂತಾನೇ ಆಗತ್ತಲ್ರೀ. ಅತ್ತೆ ಬದುಕ್ತಾರಾ?"

"ಮತ್ತೇನು ಮಾಡ್ಲಿ? ಅಲ್ಲಿ ಹಸ್ಕೊಂಡು ತಿರುಗ್ತಿದ್ದಾನಂತಲ್ಲ!" ಅಂದ ಅವನು. ಅದೇ ಹೊತ್ತಿಗೆ ಸೀತಾಲಕ್ಷ್ಮಮ್ಮ ಚೀಲ ಹಿಡಿದು ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಹೋಗಿ ಮಲಗಿದರು. ರಾತ್ರಿ ಆ ಮನೆಯಲ್ಲಿ ಮಗುವೊಂದನ್ನು ಬಿಟ್ಟು ಯಾರೂ ಉಣ್ಣಲಿಲ್ಲ.

ಸತ್ಯವತಿ ತನಗೆ ತಿಳಿದದ್ದನ್ನು ಗಂಡನಿಗೆ ಹೇಳಲಿಲ್ಲ. ಮೊದಲು ತಾನು ಕಣ್ಣಾರೆ ನೋಡಬೇಕು ಅನ್ನಿಸಿತು. ಮಾರನೆಯ ದಿನ ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅತ್ತೆ ಹೊರಟ ಮೇಲೆ ತಾನೂ ಹೊರಟಳು. ಅತ್ತೆ ರಾಮಮಂದಿರದ ಮುಂದೆ ಕೈಮುಗಿದು, ನಿಲ್ಲದೆ ಬಸ್ ಸ್ಟಾಪಿಗೆ ಹೋದರು. ಅವರು ಹತ್ತಿದ್ದು ರಾಜಗೋಪಾಲನಗರದ ಬಸ್ಸು, ಅವಳು ಅದರ ಹಿಂದೆ ಬಂದದ್ದನ್ನು ಹಿಡಿದಳು.

ರಾಜಗೋಪಾಲನಗರದ ಆ ಓಣಿಯಲ್ಲಿ ಮಧ್ಯಾಹ್ನ ನರಪಿಳ್ಳೆ ಇರಲಿಲ್ಲ. ಎಲ್ಲೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವ ಕೀರಲು ಸದ್ದು. ಮನೆಗೆ ಹೊಸ ಸುಣ್ಣ, ಮುಂಬಾಗಿಲಿಗೆ ಬೀಗ. ಸತ್ಯವತಿ ಕೊಟ್ಟಿಗೆಯ ಪಕ್ಕದಿಂದ ಹಿತ್ತಲಿಗೆ ಹೋದಳು. ಏಳು ವರ್ಷ ತಾನೇ ಸಾರಿಸಿದ ನೆಲ, ತಾನೇ ಮಸಿ ಹಿಡಿಸಿದ ಗೋಡೆ. ಆದರೂ ಹೊಸ್ತಿಲ ಹತ್ತಿರ ಅವಳು ನಿಂತುಬಿಟ್ಟಳು. ಒಳಗೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು.

"ಯಾಕಪ್ಪ ಊಟ ಬಿಟ್ಟೆ? ನಾನೇನು ತಪ್ಪು ಮಾಡಿದೆ? ಅಂಗಿ ಒಗೆದಿದ್ದು ತಪ್ಪಾಯ್ತಾ?"

ಸೀತಾಲಕ್ಷ್ಮಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಮುಂದೆ ತಟ್ಟೆಗಳು ಸಾಲಾಗಿದ್ದವು. ಸೋಮವಾರದ್ದು, ಮಂಗಳವಾರದ್ದು, ಬುಧವಾರದ್ದು. ಹಳಸಿದ ಅನ್ನದ ವಾಸನೆ ಹೊಡೆಯುತ್ತಿತ್ತು. ಇವತ್ತಿನದು ಚೀಲದಿಂದ ಇನ್ನೂ ಹೊರಗೆ ಬಂದಿರಲಿಲ್ಲ.

"ಅತ್ತೆ."

ಅವರು ಬೆಚ್ಚಲಿಲ್ಲ. ಸೊಸೆ ಬರುವುದು ಮೊದಲೇ ಗೊತ್ತಿದ್ದವರ ಹಾಗೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಮೂರು ದಿನದಿಂದ ಮುಟ್ಟಿಲ್ಲ ಕಣೆ. ಮತ್ತೆ ಕೋಪ ಬಂದಿರಬೇಕು."

"ಯಾರಿಗೆ ಅತ್ತೆ?"

"ಇನ್ನಾರಿಗೆ? ಬಂದಿದಾನೆ ಕಣೆ. ನಾವು ಖಾಲಿ ಮಾಡಿದ್ಮೇಲೆ ಬಂದು, ನಾವಿಲ್ಲ ಅಂತ ಇದೇ ಮನೇನ ಬಾಡಿಗೆಗೆ ಹಿಡಿದಿದಾನೆ. ನೋಡು, ಅದೇ ಎಣ್ಣೆ ಅಂಗಿ. ಅದೇ ಅಳತೆ. ಉಂಡು ತಟ್ಟೆ ತೊಳೆದು ಕವುಚಿ ಇಡ್ತಿದ್ದ. ಇನ್ನು ಯಾರು ಹಾಗೆ ಮಾಡ್ತಾರೆ ಹೇಳು? ದ್ವಾರ್ಕಿಗೆ ಹೇಳ್ಬೇಡ, ಅವನು ಬಂದು ಕೂಗಾಡಿದ್ರೆ ಮತ್ತೆ ಎದ್ದು ಹೋಗ್ತಾನೆ."

ಸತ್ಯವತಿ ಅತ್ತೆಯ ಕೈ ಹಿಡಿದುಕೊಂಡಳು.

"ಇಷ್ಟು ದಿನ ಬಂದ್ರಲ್ಲ ಅತ್ತೆ, ಒಂದು ದಿನವಾದ್ರೂ ಅವರು ಬರೋವರೆಗೂ ಯಾಕೆ ಕಾಯಲಿಲ್ಲ? ಮುಖ ನೋಡ್ಬಹುದಿತ್ತಲ್ಲ?"

ಸೀತಾಲಕ್ಷ್ಮಮ್ಮ ಗೋಡೆಯ ಮೇಲಿನ ಅಂಗಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ಕೊನೆಗೆ ಸಣ್ಣ ದನಿಯಲ್ಲಿ, "ಕಾಯ್ಬಹುದಿತ್ತು," ಅಂದರು.

ಮುಂದಿನ ಬೀಗ ತೆಗೆದ ಸದ್ದಾಯಿತು. ಟ್ರಂಕು ಒಯ್ಯಲು ಬಂದ ಆವಲಪ್ಪ ಅಡುಗೆಮನೆಗೆ ಒಂದು ಹೆಜ್ಜೆ ಇಟ್ಟವನೇ, ಬಿಳೀ ಕೂದಲಿನ ಹೆಂಗಸು ತಟ್ಟೆಗಳ ಮಧ್ಯೆ ಕೂತಿದ್ದನ್ನು ಕಂಡು "ಅಯ್ಯಯ್ಯೋ!" ಎಂದು ಕಿರುಚಿ ಗೋಡೆಗೆ ಆತುಕೊಂಡ. ಅವನ ಹಿಂದೆ ಬಂದ ಮುನಿಯಕ್ಕ ಇಣುಕಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ದೊಡ್ಡಮ್ಮಾರಾ! ನೀವಾ!"

ಸೀತಾಲಕ್ಷ್ಮಮ್ಮ ಆ ಹುಡುಗನನ್ನೇ ನೋಡುತ್ತಿದ್ದರು. ಕರ್ರಗೆ, ಕುಳ್ಳಗೆ, ಇಪ್ಪತ್ತೆರಡರ ಪ್ರಾಯ. ಉಪೇಂದ್ರನ ಯಾವ ಲಕ್ಷಣವೂ ಇರಲಿಲ್ಲ. ಬಹಳ ಹೊತ್ತು ನೋಡಿದರು. ಸತ್ಯವತಿಗೆ ಅತ್ತೆಯ ಮುಖದತ್ತ ನೋಡಲು ಧೈರ್ಯ ಬರಲಿಲ್ಲ.

"ಅಮ್ಮಾ, ನಂಗೆ ಗೊತ್ತಿರ್ಲಿಲ್ಲ. ಅಕ್ಕ ಇಟ್ಟಿದಾಳೆ ಅನ್ಕಂಡು ತಿಂದ್ಬಿಟ್ಟೆ," ಆವಲಪ್ಪ ಅಳುವ ದನಿಯಲ್ಲಿ ಅಂದ. "ತಪ್ಪಾಯ್ತಮ್ಮ."

"ನಿಮ್ಮಮ್ಮ ಎಲ್ಲಿದಾರಪ್ಪ?"

"ಊರಲ್ಲವ್ಳೆ."

"ಆಗಾಗ ಹೋಗಿ ಬರ್ತಿರು," ಅಂದರು ಸೀತಾಲಕ್ಷ್ಮಮ್ಮ. ಎದ್ದು ತಟ್ಟೆಗಳ ಅನ್ನವನ್ನು ಮುನಿಯಕ್ಕನ ಎಮ್ಮೆಯ ಕಲಗಚ್ಚಿಗೆ ಸುರಿದರು. ಚೀಲದಲ್ಲಿದ್ದ ಅವತ್ತಿನ ಊಟವನ್ನು ಹುಡುಗನ ಕೈಗೆ ಕೊಟ್ಟರು. "ಇದು ನಿಂಗೇ. ಬಿಸಿ ಇದೆ."

ಇಬ್ಬರೂ ವಾಪಸಿನ ಬಸ್ಸು ಹಿಡಿದರು. ದಾಸರಹಳ್ಳಿಯ ಕಡೆಯಿಂದ ಶಿಫ್ಟ್ ಬಿಟ್ಟು ಬಂದ ಹುಡುಗರು ಗುಂಪುಗುಂಪಾಗಿ ಹತ್ತಿದರು. ಸೀತಾಲಕ್ಷ್ಮಮ್ಮ ಮೊದಲ ಸಲ ಯಾರ ಮುಖವನ್ನೂ ಹುಡುಕಿ ನೋಡದೆ ಕಣ್ಣು ಮುಚ್ಚಿ ಕೂತರು.

ಮನೆಯಲ್ಲಿ ದ್ವಾರಕಾನಾಥ ಶಾಸ್ತ್ರಿಗಳನ್ನು ಕಂಡು ಬಂದಿದ್ದ. ಬೇಕಾದ ಸಾಮಾನಿನ ಹೆಸರು ಹೇಳತೊಡಗಿದವನನ್ನು ಸತ್ಯವತಿ ಅಡುಗೆಮನೆಗೆ ಕರೆದು ಕೂರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಭಜನೆ, ಚಿತ್ರಾನ್ನ, ಅಂಗಿ, ಆವಲಪ್ಪ. ಹೇಳಿ ಮುಗಿಸಿ, ಅವನು ತಾಯಿಯ ಮೇಲೆ ರೇಗುತ್ತಾನೆ, ಇಲ್ಲವೇ ಗಂಡಾಂತರ ತಪ್ಪಿತು ಎಂದು ನಿಟ್ಟುಸಿರು ಬಿಡುತ್ತಾನೆ ಎಂದು ಕಾದಳು.

"ಹಾಗಾದ್ರೆ ಅವನು ಬಂದೇ ಇಲ್ವಾ?" ಅಂದ ದ್ವಾರಕಾನಾಥ.

"ಇಲ್ಲಾರೀ."

"ದೆವ್ವ ಆಗಿಯಾದ್ರೂ ಬಂದಿದಾನಲ್ಲ ಅಂತ ಇದ್ದೆ ಕಣೆ. ಬಂದು ಊಟ ಮಾಡಿದಾನಲ್ಲ ಅಂತ..." ಯೂನಿಫಾರಂ ಅಂಗಿಯ ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತ. ಏಳು ವರ್ಷದ ಸಂಸಾರದಲ್ಲಿ ಗಂಡ ಅತ್ತದ್ದನ್ನು ಅವಳು ಕಂಡಿರಲಿಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಯಾವಾಗ ಬಂದು ನಿಂತರೋ.

ದ್ವಾರಕಾನಾಥ ತಲೆಯೆತ್ತದೆ ಅಂದ: "ಅಮ್ಮ, ಒಂದು ಮಾತು ಮುಚ್ಚಿಟ್ಟಿದೀನಿ. ಎರಡು ವರ್ಷ ಆಯ್ತು. ನಮ್ಮ ಶಾಪಿನ ಒಬ್ಬರು ಹೊಸೂರು ರೋಡಲ್ಲಿ, ಚಂದಾಪುರದಲ್ಲಿ, ಉಪ್ಪಿ ಥರಾನೇ ಇರೋ ಒಬ್ಬನ್ನ ನೋಡ್ದೆ ಅಂದ್ರು. ಯಾವುದೋ ವರ್ಕ್‌ಶಾಪಲ್ಲಂತೆ."

"ಹೋಗ್ಲಿಲ್ವಾ ನೀನು?"

"ಬಸ್ ಹತ್ತಿ ಮಾರ್ಕೆಟ್‌ವರೆಗೂ ಹೋದೆ. ಅಲ್ಲಿಂದ ವಾಪಸ್ ಬಂದೆ."

"ಯಾಕೋ?"

"ಅವನಲ್ದೆ ಇದ್ರೆ ಅಂತ ಹೆದರಿಕೆ ಆಯ್ತು. ಅವನೇ ಆಗಿದ್ರೆ ಅಂತಾನೂ ಹೆದರಿಕೆ ಆಯ್ತು."

ಇಂಥ ಮಾತಿಗೆ ಅತ್ತೆ ಆಕಾಶ ಭೂಮಿ ಒಂದು ಮಾಡುತ್ತಾರೆ ಎಂದು ಸತ್ಯವತಿ ಅಂದುಕೊಂಡಳು. ಸೀತಾಲಕ್ಷ್ಮಮ್ಮ ಮಗನ ಎದುರಿಗೆ ಕೂತರು. ಸೊಸೆ ಮಧ್ಯಾಹ್ನ ಕೇಳಿದ ಪ್ರಶ್ನೆಗೆ ತಾವು ಕೊಟ್ಟ ಉತ್ತರ ಅವರ ನೆನಪಿಗೆ ಬಂದಿರಬೇಕು. "ಭಾನುವಾರ ರಜಾ ತಾನೆ ನಿಂಗೆ?" ಎಂದಷ್ಟೇ ಕೇಳಿದರು.

ಭಾನುವಾರ ನಾಲ್ವರೂ ಹೊರಟರು. ಮೆಜೆಸ್ಟಿಕ್, ಮಾರ್ಕೆಟ್, ಅಲ್ಲಿಂದ ಹೊಸೂರಿನ ಬಸ್ಸು. ಪುಟ್ಟಿಗೆ ಜಾತ್ರೆಯ ಸಂಭ್ರಮ. ಚಂದಾಪುರದಲ್ಲಿ ಇಳಿದು ಒಂದೊಂದೇ ವರ್ಕ್‌ಶಾಪ್ ಕೇಳುತ್ತಾ ಹೋದರು. ಭಾನುವಾರವಾದ್ದರಿಂದ ಬಹಳಷ್ಟು ಮುಚ್ಚಿದ್ದವು. ಬಿಸಿಲು ಏರಿತು. ಸಂತೆ ಬೀದಿಯ ಕೊನೆಯಲ್ಲಿ ಷಟರ್ ಅರ್ಧ ಎಳೆದ ಒಂದು ಲೇತ್ ಅಂಗಡಿ. ಮಾಲೀಕ ರಾಮಾಂಜಿನಪ್ಪ ಎನ್ನುವವನು ಒಳಗೆ ಕೂತು ಬೀಡಿ ಸೇದುತ್ತಿದ್ದ. ದ್ವಾರಕಾನಾಥ ಫೋಟೋ ಕೊಟ್ಟ.

ರಾಮಾಂಜಿನಪ್ಪ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ. "ಉಪೇಂದ್ರ ಅಲ್ವಾ? ಮೀಸೆ ಬಿಟ್ಟಿದ್ದ. ಒಳ್ಳೇ ಟರ್ನರ್ ಸಾರ್."

ಸತ್ಯವತಿ ಅತ್ತೆಯ ರಟ್ಟೆ ಹಿಡಿದುಕೊಂಡಳು.

"ಈಗೆಲ್ಲಿ?" ಅಂದ ದ್ವಾರಕಾನಾಥ.

"ಹೋದ ದೀಪಾವಳಿ ಆದ್ಮೇಲೆ ಕೆಲಸ ಬಿಟ್ಟ. ಹೊಸೂರು ದಾಟಿ ತಮಿಳುನಾಡು ಕಡೆ ಯಾವುದೋ ಫ್ಯಾಕ್ಟ್ರಿಲಿ ಸಿಕ್ತು ಅಂದ. ಊರು ಹೇಳ್ಲಿಲ್ಲ. ಮಾತೇ ಕಮ್ಮಿ ಅವನದು. ಹಿಂದಿನ ಸಾಲಲ್ಲಿ ಮನೆ ಮಾಡಿದ್ದ, ಅಂಜನಮ್ಮನ್ನ ಕೇಳಿ."

ಅಂಜನಮ್ಮ ಹಿಂದಿನ ಸಾಲಿನ ಬಾಡಿಗೆ ಮನೆಗಳ ಒಡತಿ. ಹುಣಿಸೆಹಣ್ಣಿನ ಬೀಜ ಬಿಡಿಸುತ್ತಾ ಹೊಸ್ತಿಲಲ್ಲಿ ಕೂತಿದ್ದಳು. ಉಪೇಂದ್ರನ ಹೆಸರು ಕೇಳಿ ಅವಳ ಮುಖ ಅರಳಿತು.

"ಓ, ಬಂಗಾರದಂಥ ಉಡುಗ! ಇಲ್ಲೇ ಮದ್ವೆ ಆದ. ಒಂದು ಎಣ್ಮಗು ಆಯ್ತು. ಕಾಲಿಗೆ ಗೆಜ್ಜೆ ಕಟ್ಕಂಡು ಮನೆ ತುಂಬ ಓಡಾಡ್ತಿತ್ತು. ಓಗೋವಾಗ ಮಗೀನ ಎತ್ಕಂಡು ಲಾರಿ ಅತ್ತಿದ್ದು ಇನ್ನೂ ಕಣ್ಮುಂದೆ ಅದೆ. ನೀವು ಏನಾಗ್ಬೇಕು ಅವ್ನಿಗೆ?"

"ಅಣ್ಣ ನಾನು," ಅಂದ ದ್ವಾರಕಾನಾಥ. "ಇವರು ನಮ್ಮ ತಾಯಿ."

ಅಂಜನಮ್ಮ ಹುಣಿಸೆಹಣ್ಣು ಬಿಟ್ಟು ಸೀತಾಲಕ್ಷ್ಮಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ಅಮ್ಮ ತೀರ್ಕಂಡ್ರು ಅಂದಿದ್ನಲ್ಲ ತಾಯಿ," ಅಂದಳು. "ನಂಗೆ ಯಾರೂ ಇಲ್ಲ, ಅಮ್ಮ ಒಬ್ಳಿದ್ಲು, ಓಗ್ಬಿಟ್ಲು ಅಂದಿದ್ದ. ಮದ್ವೆಲಿ ನಾವೇ ನಿಂತು ಧಾರೆ ಎರ್ಸಿದ್ವಿ."

ದ್ವಾರಕಾನಾಥ ಮುಖ ಆ ಕಡೆ ತಿರುಗಿಸಿದ. ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ದಕ್ಷಿಣಕ್ಕೆ ಹೋಗುತ್ತಿದ್ದವು. ಸತ್ಯವತಿ ಅತ್ತೆಯ ಭುಜ ಬಳಸಿದಳು. ಈಗ ಕುಸಿಯುತ್ತಾರೆ, ಈಗ ಕುಸಿಯುತ್ತಾರೆ ಅನ್ನಿಸುತ್ತಿತ್ತು.

ಸೀತಾಲಕ್ಷ್ಮಮ್ಮ ಕುಸಿಯಲಿಲ್ಲ. ಆ ಸಾಲಿನ ಮನೆಗಳನ್ನೆಲ್ಲ ಒಮ್ಮೆ ನೋಡಿದರು. "ಯಾವ ಮನೇಲಿದ್ದ?" ಎಂದು ಕೇಳಿದರು. ಅಂಜನಮ್ಮ ಮೂರನೆಯದನ್ನು ತೋರಿಸಿದಳು. ಈಗ ಅಲ್ಲಿ ಬೇರೆ ಯಾರದೋ ಸಂಸಾರ, ಬೇರೆ ಯಾರದೋ ಹಾಸಿಗೆ ಬಿಸಿಲಿಗೆ ಬಿದ್ದಿತ್ತು. ಒಳಗೆ ಹೋಗಿ ನೋಡಿ ಎಂದು ಅಂಜನಮ್ಮ ಕರೆದಳು. ಅವರು ಹೋಗಲಿಲ್ಲ.

"ನಾನು ಸತ್ತಿದ್ರೆ ಸತ್ತಿದೀನಿ ಬಿಡಮ್ಮ," ಅಂದರು. "ಅವನು ಇದಾನಲ್ಲ."

ಆಮೇಲೆ ಮಗನ ಕಡೆ ತಿರುಗಿ, "ಹೋಟ್ಲು ಎಲ್ಲಾದ್ರೂ ಇದ್ಯೇನೋ ನೋಡೋ ದ್ವಾರ್ಕಿ. ಹೊಟ್ಟೆ ಹಸೀತಾ ಇದೆ ನಂಗೆ," ಅಂದು, ಪುಟ್ಟಿಯ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು.